ಶಿಡ್ಲಘಟ್ಟದ ಗೂಡಿನಿಂದ ಕ್ಯಾನ್ಸರ್ ಔಷಧದ ಕಣ: ಫೈಬ್ರೋಯಿನ್ ಚೀಲದಲ್ಲೇ ಹೆಪ್ಪುಗಟ್ಟುವುದೇಕೆ?

ಪ್ರಶ್ನೆ: ನಾನು ಎಂ.ಎಸ್ಸಿ. ಬಯೋಟೆಕ್ನಾಲಜಿ ವಿದ್ಯಾರ್ಥಿನಿ, ಊರು ಶಿಡ್ಲಘಟ್ಟ ತಾಲ್ಲೂಕು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ನಮ್ಮ ಗೂಡಿನಿಂದಲೇ ಫೈಬ್ರೋಯಿನ್ (ರೇಷ್ಮೆ ಎಳೆಯ ಮುಖ್ಯ ಪ್ರೋಟೀನ್) ತೆಗೆದು ನ್ಯಾನೊಕಣ ಮಾಡಿ, ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ತುಂಬಿ, ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವುದು ನನ್ನ ಪ್ರಾಜೆಕ್ಟ್. ಗೂಡನ್ನು ಸೋಡಿಯಂ ಕಾರ್ಬೊನೇಟ್‌ನಲ್ಲಿ ಒಂದು ಗಂಟೆ ಕುದಿಸಿ, ಕ್ಯಾಲ್ಸಿಯಂ ಕ್ಲೋರೈಡ್–ಎಥನಾಲ್–ನೀರಿನ ಮಿಶ್ರಣದಲ್ಲಿ ಕರಗಿಸಿ, ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲಿ ಡಯಾಲಿಸಿಸ್ (ಪೊರೆಯ ಚೀಲದಲ್ಲಿಟ್ಟು ಲವಣವನ್ನು ಹೊರಗೆಳೆಯುವುದು) ಮಾಡಿದೆ. ಎರಡನೇ ದಿನ ಚೀಲದೊಳಗೇ ಗಟ್ಟಿಯಾಯಿತು. ಗಟ್ಟಿಯಾಗದೆ ಉಳಿದ ಭಾಗದಿಂದ ಕಣ ಮಾಡಿದರೆ ಪಿಬಿಎಸ್ ಎಂಬ ಉಪ್ಪಿನ ದ್ರಾವಣಕ್ಕೆ ಹಾಕಿದ ಕೂಡಲೇ ತಳಕ್ಕೆ ಕೂರುತ್ತದೆ. ಎಂಟಿಟಿಯಲ್ಲಿ (ಎಷ್ಟು ಕೋಶ ಬದುಕಿವೆ ಎಂದು ಬಣ್ಣದಿಂದ ಅಳೆಯುವ ಪರೀಕ್ಷೆ) ಔಷಧವಿಲ್ಲದ ಖಾಲಿ ಕಣವೂ ಕೋಶಗಳನ್ನು ಕೊಲ್ಲುತ್ತಿದೆ. ಔಷಧ ತುಂಬಿದ ಕಣ 24 ಗಂಟೆಯಲ್ಲಿ ಬಿಡಿ ಔಷಧದಷ್ಟೂ ಕೊಲ್ಲುತ್ತಿಲ್ಲ. ಫೋಲಿಕ್ ಆ್ಯಸಿಡ್ ಅಂಟಿಸಿ ‘ಗುರಿ ತಲುಪುವ ಕಣ’ ಎಂದು ಶೀರ್ಷಿಕೆ ಕೊಡೋಣ ಎನ್ನುತ್ತಾರೆ ಗೈಡ್. ಇನ್ನೊಂದು ಪ್ರಶ್ನೆ: ನಮ್ಮ ಸೋದರತ್ತೆಗೆ ಆಸ್ಪತ್ರೆಯಲ್ಲಿ ಇದೇ ಔಷಧ ಕೊಡುತ್ತಿದ್ದಾರೆ. ಕಣದ ರೂಪದಲ್ಲಿ ಕೊಟ್ಟರೆ ಅಡ್ಡಪರಿಣಾಮ ಕಡಿಮೆಯೇ?

ಉತ್ತರ: ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವುಗಳ ಬೇರು ಔಷಧದಲ್ಲೂ ಇಲ್ಲ, ಕೋಶಗಳಲ್ಲೂ ಇಲ್ಲ, ಗೂಡು, ಕುದಿಸಿದ ಪಾತ್ರೆ, ಡಯಾಲಿಸಿಸ್ ನೀರು ಈ ಮೂರರಲ್ಲಿದೆ. ಫೈಬ್ರೋಯಿನ್ ದ್ರಾವಣ ಸರಿಯಿದೆ ಎಂದು ಅಳೆದು ತೋರಿಸುವವರೆಗೆ ಡಾಕ್ಸೊರುಬಿಸಿನ್ ಶೀಶೆಯ ಮುಚ್ಚಳ ತೆಗೆಯಬೇಡಿ.

ಮೊದಲು ಹೆಪ್ಪುಗಟ್ಟುವ ವಿಚಾರ. ನೀರಿನಲ್ಲಿ ಕರಗಿದ ಫೈಬ್ರೋಯಿನ್ ಯಾವಾಗಲೂ ಗಟ್ಟಿಯಾಗಲು ಕಾದಿರುತ್ತದೆ. ಅದರ ಉದ್ದನೆಯ ಸರಪಳಿಗಳು ಒಂದರ ಪಕ್ಕ ಒಂದು ಕೂತು ಬೀಟಾ ಹಾಳೆಗಳಾಗಿ ಜೋಡಿಸಿಕೊಂಡರೆ ದ್ರಾವಣ ಜೆಲ್ ಆಗುತ್ತದೆ, ಆಮೇಲೆ ನೀರಿಗೆ ಹಾಕಿದರೂ ಕರಗುವುದಿಲ್ಲ. ಈ ಜೋಡಣೆಯನ್ನು ಬೇಗ ಮಾಡಿಸುವ ಸಂಗತಿಗಳು ಗೊತ್ತಿರುವಂಥವೇ: ಬಿಸಿ, ಜೋರಾಗಿ ಕುಲುಕುವುದು, ಹೆಚ್ಚಿನ ಸಾಂದ್ರತೆ, ಪಿಹೆಚ್ 4ರತ್ತ ಇಳಿಯುವುದು ಮತ್ತು ಕ್ಯಾಲ್ಸಿಯಂ. ನೀವು ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲೇ ಕರಗಿಸಿದ್ದೀರಿ. ಅದನ್ನು ಹೊರಗೆಳೆಯಬೇಕಾದ ನೀರಿನಲ್ಲೂ ಲವಣವಿತ್ತು. ಚಿಕ್ಕಬಳ್ಳಾಪುರ, ಕೋಲಾರದ ಕೊಳವೆಬಾವಿ ನೀರಿನ ಗಡಸುತನ, ಫ್ಲೋರೈಡ್ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಘಟಕದಲ್ಲಿ ಶುದ್ಧೀಕರಿಸಿದ ನೀರು ಕುಡಿಯಲು ಸರಿ, ಆದರೆ ಅದರಲ್ಲಿ ಒಂದಷ್ಟು ಲವಣ ಉಳಿದೇ ಇರುತ್ತದೆ. ಡಯಾಲಿಸಿಸ್‌ಗೆ ಬೇಕಾದದ್ದು ಡಿಸ್ಟಿಲ್ಡ್ ಅಥವಾ ಡಿಅಯೊನೈಸ್ಡ್ ನೀರು ಮಾತ್ರ. ಕಂಡಕ್ಟಿವಿಟಿ ಮೀಟರ್ ಅದ್ದಿ ನೋಡಿ: ತಾಜಾ ನೀರು 5 ಮೈಕ್ರೊಸೀಮೆನ್ಸ್‌ಗಿಂತ ಕೆಳಗಿರಲಿ. ಕೊನೆಯ ಬದಲಾವಣೆಯ ನಂತರ ರಾತ್ರಿಯಿಡೀ ಬಿಟ್ಟಾಗಲೂ ಹೊರಗಿನ ನೀರಿನ ಕಂಡಕ್ಟಿವಿಟಿ ಹೆಚ್ಚುಕಡಿಮೆ ತಾಜಾ ನೀರಿನಷ್ಟೇ ಇದ್ದರೆ ಡಯಾಲಿಸಿಸ್ ಮುಗಿಯಿತು. ಮೀಟರ್ ಇಲ್ಲವಾದರೆ ಹೊರಗಿನ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ. ಮಸುಕಾದರೆ ಕ್ಲೋರೈಡ್ ಇನ್ನೂ ಬರುತ್ತಿದೆ ಎಂದರ್ಥ.

ಕ್ಯಾಲ್ಸಿಯಂ ಇನ್ನೊಂದು ಕಡೆಯಿಂದಲೂ ಬರುತ್ತದೆ, ಅದನ್ನು ಲ್ಯಾಬಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಸಾಕಣೆ ಮನೆಯಲ್ಲಿ ಹುಳುಗಳ ಹಾಸಿಗೆಯ ಮೇಲೆ ಸುಣ್ಣದ ಪುಡಿ, ವಿಜೇತಾದಂಥ ಸೋಂಕುನಿವಾರಕ ಪುಡಿ ಉದುರಿಸುತ್ತಾರಲ್ಲ, ಅದರ ಅಂಶ ಹುಳುವಿನ ಜೊತೆ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆ) ಹೋಗಿ ಗೂಡಿನ ಹೊರಗಿನ ಸಡಿಲ ಎಳೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಆ ಎಳೆಗಳನ್ನು ಕೈಯಿಂದ ಸುಲಿದು ತೆಗೆದುಬಿಡಿ. ಆಮೇಲೆ ಗೂಡಿನ ಒಂದು ತುದಿ ಕತ್ತರಿಸಿ ಪ್ಯೂಪಾ ಮತ್ತು ಅದು ಕಳಚಿದ ಚರ್ಮ ಎರಡನ್ನೂ ಉದುರಿಸಿ, ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಕಲೆ ಇದ್ದರೆ ಹುಳು ಒಳಗೇ ಸತ್ತು ಕೊಳೆತಿದೆ. ಪ್ಯೂಪಾದ ಎಣ್ಣೆ ಇಳಿದ ಗೂಡು ಪ್ರಾಜೆಕ್ಟಿಗೆ ಬೇಡ. ಊಜಿ ನೊಣ ತೂತು ಮಾಡಿದ ಗೂಡೂ ಬೇಡ. ಚಿಟ್ಟೆ ಹೊರಬಂದು ತೂತಾದ, ಒಳಗೆ ಸ್ವಚ್ಛವಾಗಿರುವ ಬಿತ್ತನೆ ಗೂಡು ಸಿಕ್ಕರೆ ಅದು ಒಳ್ಳೆಯದೇ, ಬೆಲೆಯೂ ಕಡಿಮೆ. ನಿಮ್ಮ ಕಡೆ ಹೆಚ್ಚಾಗಿ ಬೆಳೆಯುವುದು ಮೈಸೂರು ತಳಿಯ ಜೊತೆ ಸಿಎಸ್‌ಆರ್-2 ಸೇರಿಸಿದ ಮಿಶ್ರತಳಿ, ಹಳದಿ ಗೂಡು. ಬಣ್ಣ ಬಹುಪಾಲು ಸೆರಿಸಿನ್ ಅಂಟಿನಲ್ಲಿರುವುದರಿಂದ ಕುದಿಸುವಾಗ ಹೋಗುತ್ತದೆ. ಆದರೂ ಫ್ಲೂರೊಸೆನ್ಸ್ ಅಳೆಯುವ ಕೆಲಸವಿರುವುದರಿಂದ ಸಾಧ್ಯವಾದರೆ ಬಿಳಿ ದ್ವಿತಳಿ ಗೂಡು ಬಳಸಿ, ಇಡೀ ಪ್ರಾಜೆಕ್ಟಿಗೆ ಬೇಕಾದಷ್ಟನ್ನು ಒಂದೇ ಬೆಳೆಯಿಂದ ತೆಗೆದಿಟ್ಟುಕೊಳ್ಳಿ. ಬೆಳೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ, ಆಮೇಲೆ ಕಾರಣ ಹುಡುಕಲು ಆಗುವುದಿಲ್ಲ.

ಅಂಟು ತೆಗೆಯಲು ಒಂದು ಗಂಟೆ ಬೇಕಾಗಿಲ್ಲ. 2 ಲೀಟರ್ ಡಿಸ್ಟಿಲ್ಡ್ ನೀರಿಗೆ ಜಲರಹಿತ ಸೋಡಿಯಂ ಕಾರ್ಬೊನೇಟ್ 4.24 ಗ್ರಾಂ ಹಾಕಿದರೆ 0.02 ಮೋಲಾರ್ ಆಗುತ್ತದೆ. ಅದು ಕುದಿಯುವಾಗ ಕತ್ತರಿಸಿದ ಗೂಡು 5 ಗ್ರಾಂ ಹಾಕಿ, ಆಗಾಗ ಕದಡುತ್ತಾ ಸರಿಯಾಗಿ 30 ನಿಮಿಷ ಕುದಿಸಿ. ಫೈಬ್ರೋಯಿನ್‌ನ ದೊಡ್ಡ ಸರಪಳಿ ಸುಮಾರು 390 ಕಿಲೊಡಾಲ್ಟನ್ (ಅಣುವಿನ ತೂಕದ ಅಳತೆ), ಚಿಕ್ಕದು ಸುಮಾರು 26. ಕ್ಷಾರದಲ್ಲಿ ಕುದಿಸಿದಷ್ಟೂ ದೊಡ್ಡದು ತುಂಡಾಗುತ್ತಾ ಹೋಗುತ್ತದೆ. ಜೆಲ್ ಎಲೆಕ್ಟ್ರೊಫೊರೆಸಿಸ್‌ನಲ್ಲಿ ಪಟ್ಟಿ ಕಾಣದೆ ಉದ್ದನೆಯ ಮಸುಕು ಮಾತ್ರ ಕಾಣುತ್ತದೆ. 30 ನಿಮಿಷಕ್ಕೂ ಸ್ವಲ್ಪ ತುಂಡಾಗುತ್ತದೆ, ಆದರೆ ಪ್ರತಿ ಸಲ ಒಂದೇ ಅಳತೆಯಲ್ಲಿ ತುಂಡಾದರೆ ತೊಂದರೆಯಿಲ್ಲ. ನಂತರ ತಣ್ಣನೆಯ ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ, ಪ್ರತಿ ಸಲ 20 ನಿಮಿಷ ತೊಳೆದು, ಹಿಂಡಿ, ರಾತ್ರಿಯಿಡೀ ಒಣಗಿಸಿ ತೂಗಿ. ಈ ತೂಕ ತುಂಬಾ ಮುಖ್ಯ. 5 ಗ್ರಾಂ ಗೂಡು 3.6ರಿಂದ 3.75 ಗ್ರಾಂ ಆಗಬೇಕು. 4 ಗ್ರಾಂ ದಾಟಿದರೆ ಸೆರಿಸಿನ್ ಉಳಿದಿದೆ. ಅದು ಮುಂದೆ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. 3.4ಕ್ಕಿಂತ ಕೆಳಗಿಳಿದರೆ ಫೈಬ್ರೋಯಿನ್ ಕೂಡ ತೊಳೆದುಹೋಗಿದೆ. ಅನುಮಾನವಿದ್ದರೆ ಪಿಕ್ರೊ-ಕಾರ್ಮಿನ್ ಬಣ್ಣ ಹಾಕಿ ನೋಡಿ: ಸೆರಿಸಿನ್ ಕೆಂಪಗೆ, ಫೈಬ್ರೋಯಿನ್ ಹಳದಿಯಾಗಿ ಕಾಣುತ್ತದೆ.

ಕರಗಿಸಲು ದುಡ್ಡಿದ್ದರೆ ಲಿಥಿಯಂ ಬ್ರೋಮೈಡ್‌ಗೆ ಬದಲಾಯಿಸಿ. 9.3 ಮೋಲಾರ್ ದ್ರಾವಣ 20 ಮಿ.ಲೀ. ಬೇಕಿದ್ದರೆ 16.2 ಗ್ರಾಂ ಪುಡಿ. ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬೇಗ ತೂಗಿ. ನೀರಿಗೆ ಹಾಕಿದಾಗ ತುಂಬಾ ಬಿಸಿಯೇರುವುದರಿಂದ ಮಂಜುಗಡ್ಡೆಯಲ್ಲಿಟ್ಟು ಸ್ವಲ್ಪಸ್ವಲ್ಪವೇ ಹಾಕಿ, ಆಮೇಲೆ 20 ಮಿ.ಲೀ.ಗೆ ಸರಿಮಾಡಿ. ಒಣ ಫೈಬ್ರೋಯಿನ್ 1 ಗ್ರಾಂಗೆ ಈ ದ್ರಾವಣ 4 ಮಿ.ಲೀ., 60 ಡಿಗ್ರಿಯಲ್ಲಿ 4 ಗಂಟೆ. ತಿಳಿ ಜೇನುಬಣ್ಣಕ್ಕೆ ಬರಬೇಕು. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲೇ ಮುಂದುವರಿಯುವುದಾದರೆ ಮೋಲ್ ಲೆಕ್ಕದಲ್ಲಿ 1:2:8 ಅನುಪಾತ ಇಟ್ಟುಕೊಳ್ಳಿ: ಜಲರಹಿತ ಕ್ಯಾಲ್ಸಿಯಂ ಕ್ಲೋರೈಡ್ 111 ಗ್ರಾಂ, ಎಥನಾಲ್ 92 ಗ್ರಾಂ, ನೀರು 144 ಗ್ರಾಂ. ಕಾಲೇಜಿನ ಡಬ್ಬಿ ಬಹಳ ಸಲ ಡೈಹೈಡ್ರೇಟ್ ಆಗಿರುತ್ತದೆ. ಆಗ ಪುಡಿ 147 ಗ್ರಾಂ, ನೀರು 108 ಗ್ರಾಂ. ಈ ಒಂದು ತಿದ್ದುಪಡಿ ಮಾಡದೆ ‘ಕರಗುತ್ತಿಲ್ಲ’ ಎಂದು ಉಷ್ಣತೆ ಏರಿಸುವವರೇ ಹೆಚ್ಚು. 70 ಡಿಗ್ರಿಯ ವಾಟರ್ ಬಾತ್ ಸಾಕು. ಎಥನಾಲ್ ಇರುವುದರಿಂದ ಬರ್ನರ್ ಹತ್ತಿರ ಸುಳಿಯಬಾರದು.

ಚೀಲವನ್ನು ಮೂರನೇ ಎರಡು ಭಾಗ ಮಾತ್ರ ತುಂಬಿ, ಒಳಗೆ ನೀರು ನುಗ್ಗಿ ಉಬ್ಬುತ್ತದೆ. 3.5 ಕಿಲೊಡಾಲ್ಟನ್ ಪೊರೆ ಒಳ್ಳೆಯದು, 12–14 ಇದ್ದರೂ ನಡೆಯುತ್ತದೆ. 10–12 ಮಿ.ಲೀ.ಗೆ 1 ಲೀಟರ್ ನೀರು, 48 ಗಂಟೆಯಲ್ಲಿ ಆರು ಬದಲಾವಣೆ. ಮೊದಲನೆಯದು 1 ಗಂಟೆಗೆ, ಎರಡನೆಯದು 4 ಗಂಟೆಗೆ. ಮೊದಲ ಬದಲಾವಣೆಗಳ ನಂತರ ಫ್ರಿಜ್‌ನಲ್ಲಿಡಿ. ಏಪ್ರಿಲ್ ಬಿಸಿಲಿನಲ್ಲಿ ಮೇಜಿನ ಮೇಲೆ ಬಿಟ್ಟರೆ ಎಷ್ಟು ಒಳ್ಳೆಯ ನೀರಾದರೂ ಪ್ರಯೋಜನವಿಲ್ಲ. ಮ್ಯಾಗ್ನೆಟಿಕ್ ಸ್ಟಿರರ್ ನಿಧಾನವಾಗಿ ತಿರುಗಲಿ. ಕೊನೆಗೆ 4 ಡಿಗ್ರಿಯಲ್ಲಿ, ನಿಮಿಷಕ್ಕೆ 9,000 ಸುತ್ತಿನ ವೇಗದಲ್ಲಿ, 20 ನಿಮಿಷದಂತೆ ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಮೆಲ್ಲಗೆ ತೆಗೆಯಿರಿ. ವಾರ್ಟೆಕ್ಸ್ ಯಂತ್ರದಲ್ಲಿಟ್ಟು ಕುಲುಕಲೇಬಾರದು. 0.5 ಮಿ.ಲೀ.ಯನ್ನು ತೂಗಿದ ಬಟ್ಟಲಿನಲ್ಲಿ 60 ಡಿಗ್ರಿಗೆ ಒಣಗಿಸಿದರೆ ಉಳಿದ ತೂಕದಿಂದ ಶೇಕಡಾವಾರು ಸಾಂದ್ರತೆ ಸಿಗುತ್ತದೆ. ಈಗಾಗಲೇ ಹೆಪ್ಪಾದದ್ದನ್ನು ಕಲಕಿ, ಸೋಸಿ ಉಪಯೋಗಿಸಲು ಹೋಗಬೇಡಿ. ನಿಮ್ಮ ‘ಉಳಿದ ಭಾಗ’ದ ಕಣಗಳು ಕೈಕೊಟ್ಟದ್ದರಲ್ಲಿ ಅದರ ಪಾಲೂ ಇದೆ.

ಇನ್ನು ಕಣ. ಗಾಜಿನ ಬೀಕರ್‌ನಲ್ಲಿ ಅಸಿಟೋನ್ 8 ಮಿ.ಲೀ. ಇಟ್ಟು, ಶೇ. 4–5ರ ಫೈಬ್ರೋಯಿನ್ 2 ಮಿ.ಲೀ.ಯನ್ನು ಹನಿಹನಿಯಾಗಿ ಬಿಡಿ. ಪ್ರತಿ ಹನಿ ಬಿದ್ದಲ್ಲಿ ಹಾಲಿನಂಥ ಬಿಳುಪು ಹರಡಬೇಕು, ದಾರ ದಾರವಾಗಿ ಎಳೆಯಬಾರದು. ಕೊನೆಯ ಹನಿಯವರೆಗೂ ಅಸಿಟೋನ್ ಶೇ. 75ಕ್ಕಿಂತ ಮೇಲಿರಬೇಕು, ಇಲ್ಲಿ ಶೇ. 80ಕ್ಕೆ ನಿಲ್ಲುತ್ತದೆ. ತಿರುಗುಮುರುಗಾಗಿ ಫೈಬ್ರೋಯಿನ್‌ಗೆ ಅಸಿಟೋನ್ ಸುರಿದರೆ ಮುದ್ದೆಯಾಗುತ್ತದೆ. ಪಾಲಿಸ್ಟೈರೀನ್ ಟ್ಯೂಬ್ ಅಸಿಟೋನ್‌ನಲ್ಲಿ ಕರಗಿ ಮಾದರಿಯಲ್ಲೇ ಸೇರಿಕೊಳ್ಳುತ್ತದೆ. ಗಾಜು ಅಥವಾ ಪಾಲಿಪ್ರೊಪಿಲೀನ್ ಬಳಸಿ. ಸೆಂಟ್ರಿಫ್ಯೂಜ್ ಮಾಡಿ, ನೀರಿನಲ್ಲಿ ಮೂರು ಸಲ ತೊಳೆದು, ಪ್ರತಿ ಸಲ ಮಂಜುಗಡ್ಡೆಯಲ್ಲಿಟ್ಟು ಪ್ರೋಬ್ ಸೋನಿಕೇಟರ್‌ನಿಂದ 30 ಸೆಕೆಂಡಿನಂತೆ ಎರಡು ಸಲ ಬಿಡಿಸಿ. ಈ ವಿಧಾನದಲ್ಲಿ ಸುಮಾರು 100 ನ್ಯಾನೊಮೀಟರ್ ಗಾತ್ರದ, ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವ ಕಣ ಬರುತ್ತದೆ. ಸಣ್ಣ ಕಣ ಕೂರಲು ಹೆಚ್ಚಿನ ವೇಗ ಬೇಕು. ನಿಮ್ಮ ಯಂತ್ರದ ವೇಗ 10,000 ಸುತ್ತಿಗೇ ನಿಲ್ಲುವುದಾದರೆ ದೊಡ್ಡ ಕಣ ಮಾತ್ರ ಕೆಳಗೆ ಸಿಕ್ಕಿ, ಸಣ್ಣವೆಲ್ಲ ಚೆಲ್ಲಿದ ನೀರಿನಲ್ಲಿ ಹೋಗುತ್ತವೆ. ಆಮೇಲೆ ‘ನನ್ನ ಕಣ 400 ನ್ಯಾನೊಮೀಟರ್’ ಎನಿಸುತ್ತದೆ. ಹೈಸ್ಪೀಡ್ ಯಂತ್ರವಿರುವ ಲ್ಯಾಬಿನಲ್ಲಿ ಒಂದು ದಿನ ಕೇಳಿ ಪಡೆಯಿರಿ.

ಪಿಬಿಎಸ್‌ನಲ್ಲಿ ತಳಕ್ಕೆ ಕೂರುವುದು ನಿರೀಕ್ಷಿತವೇ. ಈ ಕಣಗಳನ್ನು ದೂರ ಇಟ್ಟಿರುವುದು ಋಣ ವಿದ್ಯುದಂಶಗಳ ವಿಕರ್ಷಣೆ. ಪಿಬಿಎಸ್‌ನ ಉಪ್ಪು ಅದನ್ನು ಮರೆಮಾಡುತ್ತದೆ. ನೀರಿನಲ್ಲೇ ಇಟ್ಟುಕೊಂಡು, ಶೇ. 10 ಎಫ್‌ಬಿಎಸ್ (ಕರುವಿನ ಸೀರಂ) ಇರುವ ಮಾಧ್ಯಮಕ್ಕೆ ಮೆಲ್ಲಗೆ ಬೆರೆಸಿ. ಸೀರಂ ಪ್ರೋಟೀನ್ ಕಣದ ಮೇಲೆ ಕೂತು ಒಂದಿಷ್ಟು ರಕ್ಷಣೆ ಕೊಡುತ್ತದೆ. ಸೇರಿಸುವ ನೀರು ಒಟ್ಟು ಪ್ರಮಾಣದ ಹತ್ತನೇ ಒಂದು ಭಾಗ ಮೀರದಿರಲಿ, ಇಲ್ಲದಿದ್ದರೆ ಕೋಶ ಉಬ್ಬುತ್ತದೆ. ಡಿಎಲ್‌ಎಸ್ (ಚದುರಿದ ಬೆಳಕಿನಿಂದ ಕಣದ ಗಾತ್ರ ತಿಳಿಯುವ) ಅಳತೆಯನ್ನು ನೀರಿನಲ್ಲಿ ಮಾತ್ರ ತೆಗೆದು ಸುಮ್ಮನಾಗಬೇಡಿ. ಮಾಧ್ಯಮದಲ್ಲಿ 37 ಡಿಗ್ರಿಗೆ 0, 4, 24 ಗಂಟೆಯಲ್ಲಿ ತೆಗೆಯಿರಿ. ಸೀರಂ ಪ್ರೋಟೀನ್‌ಗಳದ್ದೇ ಪೀಕ್ ಬರುವುದರಿಂದ ಕಣವಿಲ್ಲದ ಮಾಧ್ಯಮವನ್ನೂ ಓದಿಸಿ. ಫ್ರೀಜ್ ಡ್ರೈ ಮಾಡಲೇಬೇಕೆಂದಿದ್ದರೆ ಶೇ. 5 ಟ್ರೆಹಲೋಸ್ ಸೇರಿಸಿ. ಅದಿಲ್ಲದೆ ಬರಿ ಕಣ ಒಣಗಿದರೆ ಮತ್ತೆ ಬಿಡಿಯಾಗುವುದಿಲ್ಲ.

ಔಷಧ ತುಂಬುವುದೂ ನೀರಿನಲ್ಲೇ. ಡಾಕ್ಸೊರುಬಿಸಿನ್‌ನ ಅಮೈನ್ ಗುಂಪು ಧನ, ಫೈಬ್ರೋಯಿನ್ ಋಣ; ಹಿಡಿದಿರುವುದು ಮುಖ್ಯವಾಗಿ ಈ ಆಕರ್ಷಣೆ. ಪಿಬಿಎಸ್‌ನಲ್ಲಿ ಮಾಡಿದರೆ ಉಪ್ಪು ಇದನ್ನೂ ದುರ್ಬಲಗೊಳಿಸುತ್ತದೆ. 10 ಮಿ.ಗ್ರಾಂ ಕಣಕ್ಕೆ 0.2 ಮಿ.ಗ್ರಾಂ ಔಷಧದಿಂದ ಆರಂಭಿಸಿ, ಫಾಯಿಲ್ ಸುತ್ತಿ ಕತ್ತಲಲ್ಲಿ 24 ಗಂಟೆ ಬಿಡಿ. ಎಲ್ಲರೂ ಜಾರುವುದು ಮುಂದಿನ ಲೆಕ್ಕದಲ್ಲಿ. 200 ಮೈಕ್ರೊಗ್ರಾಂ ಹಾಕಿದಿರಿ, ಮೇಲಿನ ನೀರಿನಲ್ಲಿ 30 ಸಿಕ್ಕಿತು ಎಂದಿಟ್ಟುಕೊಳ್ಳಿ. 170 ಕಣದೊಳಗಿದೆ, ಶೇ. 85 ಎಂದು ಬರೆಯುತ್ತೀರಿ. ಕಣವೇ ಇಲ್ಲದ ಟ್ಯೂಬಿನಲ್ಲಿ ಅದೇ 200 ಹಾಕಿ 24 ಗಂಟೆಯ ನಂತರ ಅಳೆದರೆ 160 ಮಾತ್ರ ಸಿಗಬಹುದು, ಏಕೆಂದರೆ ಈ ಔಷಧ ಪ್ಲಾಸ್ಟಿಕ್ ಗೋಡೆಗೂ ಅಂಟುತ್ತದೆ. ಆಗ ಕಣದಲ್ಲಿರುವುದು 130ರ ಆಸುಪಾಸಿಗೂ ಇಳಿದಿರಬಹುದು. ಕಣವನ್ನೇ 9.3 ಮೋಲಾರ್ ಲಿಥಿಯಂ ಬ್ರೋಮೈಡ್‌ನಲ್ಲಿ ಕರಗಿಸಿ, 480ಕ್ಕೆ ಪ್ರಚೋದಿಸಿ 590 ನ್ಯಾನೊಮೀಟರ್‌ನಲ್ಲಿ ಓದಿ, ಅದೇ ದ್ರಾವಣದಲ್ಲಿ ಮಾಡಿದ ಸ್ಟ್ಯಾಂಡರ್ಡ್‌ಗೆ ಹೋಲಿಸುವುದು ನೇರ ದಾರಿ. ಬಿಡುಗಡೆಯನ್ನು ಪಿಹೆಚ್ 7.4 ಮತ್ತು 4.5 ಎರಡರಲ್ಲೂ ನೋಡಿ. ಆಮ್ಲೀಯದಲ್ಲಿ ಬೇಗ ಬಿಡಬೇಕು. ಪಕ್ಕದಲ್ಲಿ ಬಿಡಿ ಔಷಧ ತುಂಬಿದ ಡಯಾಲಿಸಿಸ್ ಚೀಲ ಒಂದಿರಲಿ, ಇಲ್ಲದಿದ್ದರೆ ಪೊರೆಯ ನಿಧಾನವನ್ನೇ ಕಣದ ನಿಧಾನವೆಂದು ವರದಿ ಮಾಡುತ್ತೀರಿ.

ಎಂಟಿಟಿಗೆ ಬರೋಣ. ಔಷಧ ತುಂಬಿದ ಕಣ 24 ಗಂಟೆಯಲ್ಲಿ ಕಡಿಮೆ ಕೊಂದದ್ದು ಸೋಲಲ್ಲ. ಬಿಡಿ ಡಾಕ್ಸೊರುಬಿಸಿನ್ ಪೊರೆ ದಾಟಿ ನೇರ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಕಣವನ್ನು ಕೋಶ ನುಂಗಬೇಕು, ಅದು ಕೋಶದೊಳಗಿನ ಲೈಸೊಸೋಮ್ ಎಂಬ ಚೀಲ ಸೇರಬೇಕು, ಅಲ್ಲಿನ ಆಮ್ಲದಲ್ಲಿ ಔಷಧ ಬಿಡಬೇಕು. 48 ಮತ್ತು 72 ಗಂಟೆಗೂ ಓದಿ, ಎರಡೂ ಕಡೆ ಔಷಧದ ಪ್ರಮಾಣ ಸಮನಾಗಿರಲಿ. ಔಷಧ ತಾನೇ ಹೊಳೆಯುವುದರಿಂದ ಫ್ಲೂರೊಸೆನ್ಸ್ ಮೈಕ್ರೊಸ್ಕೋಪ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಬಿಡಿಯದ್ದು ನ್ಯೂಕ್ಲಿಯಸ್ ತುಂಬ, ಕಣದ್ದು ಮೊದಲ ಗಂಟೆಗಳಲ್ಲಿ ನ್ಯೂಕ್ಲಿಯಸ್ ಸುತ್ತ ಚುಕ್ಕಿಗಳಾಗಿ.

ಖಾಲಿ ಕಣ ಕೊಲ್ಲುತ್ತಿರುವುದು ಮಾತ್ರ ತಪ್ಪು ಎಲ್ಲೋ ಇದೆ ಎಂಬ ಸೂಚನೆ. ಶುದ್ಧ ಫೈಬ್ರೋಯಿನ್ ಹಾಗೆ ಮಾಡಬಾರದು. ಅಸಿಟೋನ್ ಉಳಿದಿರಬಹುದು, ಲವಣ ಉಳಿದಿರಬಹುದು, ಮುದ್ದೆಯಾದ ಕಣ ಕೋಶಗಳ ಮೇಲೆ ಪದರವಾಗಿ ಕೂತಿರಬಹುದು, ಹಳೆಯ ನೀರಿನ ಬ್ಯಾಕ್ಟೀರಿಯಾ ಇರಬಹುದು. ಕೊನೆಯ ತೊಳೆದ ನೀರನ್ನು ಮಾತ್ರ ಕೋಶಗಳಿಗೆ ಹಾಕಿ ನೋಡಿ. ಅದೂ ಕೊಂದರೆ ಕಣದ ದೋಷವಲ್ಲ. ಕೋಶವಿಲ್ಲದ ಬಾವಿಗಳಲ್ಲಿ (ಪ್ಲೇಟಿನ ಕುಳಿಗಳಲ್ಲಿ) ಕಣ ಮತ್ತು ಎಂಟಿಟಿ ಸೇರಿಸಿದ ಕಂಟ್ರೋಲ್ ಕಡ್ಡಾಯ, ಕಣ ಬೆಳಕನ್ನು ಚದುರಿಸಿ ಓದನ್ನು ಏರಿಸುತ್ತದೆ. ಅದಕ್ಕೇ 570ರ ಜೊತೆ 630 ನ್ಯಾನೊಮೀಟರ್‌ನಲ್ಲೂ ಓದಿ ಕಳೆಯುವುದು. ದ್ರಾವಣವನ್ನು ಆಟೊಕ್ಲೇವ್ ಮಾಡಿದರೆ ಜೆಲ್ ಆಗುತ್ತದೆ, ಕಣವನ್ನು 0.22 ಮೈಕ್ರಾನ್ ಫಿಲ್ಟರ್‌ಗೆ ಹಾಕಿದರೆ ಗಣನೀಯ ಪಾಲು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಅಸಿಟೋನ್ ಹಂತದಿಂದಾಚೆಗೆ ಎಲ್ಲವನ್ನೂ ಆಟೊಕ್ಲೇವ್ ಮಾಡಿದ ನೀರಿನಲ್ಲಿ, ಲ್ಯಾಮಿನಾರ್ ಫ್ಲೋ ಒಳಗೆ ಮಾಡುವುದೇ ದಾರಿ. ಎಂಸಿಎಫ್-7 ಅನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿ, ಪಕ್ಕದ ಲ್ಯಾಬಿನ ಫ್ಲಾಸ್ಕಿನಿಂದ ಬೇಡ. ಮೈಕೊಪ್ಲಾಸ್ಮಾ (ಕೋಶಗಳ ಜೊತೆ ಅಡಗಿ ಬೆಳೆಯುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಬಾವಿಗೆ 5,000–8,000 ಕೋಶ, ಅಂಚಿನ ಬಾವಿಗಳಿಗೆ ಪಿಬಿಎಸ್ ಮಾತ್ರ.

ಫೋಲಿಕ್ ಆ್ಯಸಿಡ್ ವಿಷಯದಲ್ಲಿ ಗೈಡ್ ಜೊತೆ ಕೂತು ಮಾತಾಡಿ. ಫೋಲಿಕ್ ಆ್ಯಸಿಡ್ ಅನ್ನು ಹಿಡಿಯುವ ಫೋಲೇಟ್ ಗ್ರಾಹಕ ಹೆಚ್ಚಿರುವುದು ಕೆಬಿ, ಹೀಲಾದಂಥ ಕೋಶಗಳಲ್ಲಿ. ಎಂಸಿಎಫ್-7 ಈ ಪ್ರಯೋಗಕ್ಕೆ ಒಳ್ಳೆಯ ಆಯ್ಕೆಯಲ್ಲ. ಅದರ ಮೇಲೆ, ಕೋಶ ಬೆಳೆಸುವ ಡಿಎಂಇಎಂ ಮಾಧ್ಯಮದಲ್ಲಿ ಲೀಟರಿಗೆ 4 ಮಿ.ಗ್ರಾಂ ಫೋಲಿಕ್ ಆ್ಯಸಿಡ್ ಆಗಲೇ ಇರುತ್ತದೆ. ನಿಮ್ಮ ಕಣ ತಲುಪುವ ಹೊತ್ತಿಗೆ ಗ್ರಾಹಕಗಳು ಭರ್ತಿ. ಫೋಲೇಟ್ ರಹಿತ ಆರ್‌ಪಿಎಂಐ ಮಾಧ್ಯಮ ಬೇಕು. ಅಂಟಿಸುವ ರಸಾಯನವೂ ಸುಲಭವಲ್ಲ: ಇಡಿಸಿ ಎಂಬ ಜೋಡಿಸುವ ರಾಸಾಯನಿಕದ ವಿಧಾನಕ್ಕೆ ಲೈಸಿನ್‌ನ ಅಮೈನ್ ಬೇಕು, ಫೈಬ್ರೋಯಿನ್‌ನಲ್ಲಿ ಲೈಸಿನ್ ಶೇ. 1ಕ್ಕಿಂತಲೂ ಬಹಳ ಕಡಿಮೆ. ಶೇ. 5ರಷ್ಟಿರುವ ಟೈರೊಸಿನ್ ಮೂಲಕ ಡಯಾಜೋನಿಯಂ ವಿಧಾನದಲ್ಲಿ ಜೋಡಿಸುವವರಿದ್ದಾರೆ. ಇಡಿಸಿ ಹಾಕದೆ ಫೋಲಿಕ್ ಆ್ಯಸಿಡ್ ಮಾತ್ರ ಬೆರೆಸಿ ತೊಳೆದ ಮಾದರಿ ಪಕ್ಕದಲ್ಲಿಲ್ಲದಿದ್ದರೆ, ಅಂಟಿದ್ದೋ ಸುಮ್ಮನೆ ಮೆತ್ತಿಕೊಂಡದ್ದೋ ಹೇಳಲಾಗದು.

‘ಗುರಿ ತಲುಪುವ’ ಎಂದು ಬರೆಯಲು ಕನಿಷ್ಠ ನಾಲ್ಕು ಗುಂಪು ಬೇಕು: ಫೋಲೇಟ್ ಇಲ್ಲದ ಕಣ, ಇರುವ ಕಣ, ಇರುವ ಕಣದ ಜೊತೆ 1 ಮಿಲಿಮೋಲಾರ್ ಬಿಡಿ ಫೋಲಿಕ್ ಆ್ಯಸಿಡ್, ಮತ್ತು ಎ549ನಂಥ ಗ್ರಾಹಕ ಕಡಿಮೆಯಿರುವ ಕೋಶದಲ್ಲಿ ಇದೇ ಪ್ರಯೋಗ. ಮೂರನೆಯದರಲ್ಲಿ ಒಳಹೋಗುವುದು ಕಡಿಮೆಯಾಗದಿದ್ದರೆ ಗ್ರಾಹಕದ ಪಾತ್ರವಿಲ್ಲ, ಅಷ್ಟೇ. ಪ್ಲೇಟಿನಲ್ಲಿ ಇದೆಲ್ಲ ಸಾಧಿಸಿದರೂ ದೇಹದೊಳಗೆ ಬೇರೆಯೇ ಕಥೆ. ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಅಂಟಿಸಿದ ಕಣಗಳು ಸೀರಂ ಪ್ರೋಟೀನ್ ಮುಚ್ಚಿಕೊಂಡಾಗ ಗುರಿ ಹಿಡಿಯುವ ಗುಣ ಕಳೆದುಕೊಳ್ಳುವುದನ್ನು 2013ರಲ್ಲೇ ತೋರಿಸಲಾಗಿದೆ. ಪ್ರಾಣಿಗಳ ಮೇಲಿನ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆ ಸೇರಿದ್ದು ಮಧ್ಯಾಂಕ ಲೆಕ್ಕದಲ್ಲಿ ಶೇ. 0.7 ಮಾತ್ರ. ನನ್ನ ಸಲಹೆ: ಶೀರ್ಷಿಕೆಯಲ್ಲಿ ‘ಪಿಹೆಚ್‌ಗೆ ಸ್ಪಂದಿಸುವ’ ಎಂದು ಬರೆಯಿರಿ. ಎರಡು ಪಿಹೆಚ್‌ನ ಬಿಡುಗಡೆ ರೇಖೆ ಇದ್ದರೆ ಅದನ್ನು ವೈವಾದಲ್ಲಿ ಸಮರ್ಥಿಸಿಕೊಳ್ಳಬಹುದು.

ಸಮಯ ಮೀರುತ್ತಿದ್ದರೆ ಇದೇ ದ್ರಾವಣದಿಂದ ಕೋಶ ಬೆಳೆಸುವ ಸ್ಪಂಜು ಮಾಡಬಹುದು: ಶೇ. 6–8ರ ಫೈಬ್ರೋಯಿನ್ 2 ಮಿ.ಲೀ.ಗೆ 500–600 ಮೈಕ್ರಾನ್ ಜರಡಿಯ ಉಪ್ಪು 4 ಗ್ರಾಂ, ಒಂದೆರಡು ದಿನ ಬಿಟ್ಟು, ಎರಡು ದಿನ ನೀರಿನಲ್ಲಿ ಉಪ್ಪು ತೊಳೆದರೆ ಆಯಿತು. ಹಿಪ್ಪುನೇರಳೆ ರೇಷ್ಮೆಯಲ್ಲಿ ಕೋಶ ಹಿಡಿದುಕೊಳ್ಳುವ ಆರ್‌ಜಿಡಿ ಸರಣಿ ಇಲ್ಲ (ತಸರ್‌ನಲ್ಲಿದೆ), ಹಾಗಾಗಿ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನ್ ಲೇಪಿಸಿದರೆ ಕೋಶ ಚೆನ್ನಾಗಿ ಕೂರುತ್ತದೆ.

ನಿಮ್ಮ ಅತ್ತೆಯವರ ವಿಚಾರ. ರೇಷ್ಮೆ ಕಣದ ಡಾಕ್ಸೊರುಬಿಸಿನ್ ಇನ್ನೂ ಲ್ಯಾಬಿನ ವಸ್ತು, ಆಸ್ಪತ್ರೆಯ ಔಷಧವಲ್ಲ. ಕಣದ ರೂಪದಲ್ಲಿ ಬಳಕೆಯಲ್ಲಿರುವುದು ಪೆಗ್ ಎಂಬ ಪಾಲಿಮರ್ ಲೇಪಿಸಿದ ಲೈಪೊಸೋಮ್ (ಕೊಬ್ಬಿನ ಪೊರೆಯ ಸೂಕ್ಷ್ಮ ಚೀಲ) ಡಾಕ್ಸೊರುಬಿಸಿನ್. ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು, ಭಾರತದಲ್ಲೂ ದೊರೆಯುತ್ತದೆ. ಹೃದಯಕ್ಕೆ ಹಾನಿ, ಕೂದಲು ಉದುರುವುದು ಅದರಲ್ಲಿ ಕಡಿಮೆ. ಆದರೆ ಅಂಗೈ, ಅಂಗಾಲು ಕೆಂಪಾಗಿ ಸುಲಿಯುವ ತೊಂದರೆ ಹೆಚ್ಚು, ಡ್ರಿಪ್ ಹಾಕುವಾಗ ರಿಯಾಕ್ಷನ್ ಆಗುವುದೂ ಉಂಟು. ಎರಡರ ಪ್ರಮಾಣ, ಡೋಸ್‌ಗಳ ನಡುವಿನ ಅಂತರ ಬೇರೆ ಬೇರೆ. ಒಂದರ ಬದಲು ಇನ್ನೊಂದನ್ನು ಅದೇ ಲೆಕ್ಕದಲ್ಲಿ ಕೊಡುವಂತಿಲ್ಲ, ಎಲ್ಲ ಬಗೆಯ ಕ್ಯಾನ್ಸರ್‌ಗೂ ಅದು ಹೊಂದುವುದಿಲ್ಲ. ಅವರ ಎಕೋ (ಹೃದಯದ ಸ್ಕ್ಯಾನ್) ವರದಿ ಇಟ್ಟುಕೊಂಡು, ಚಿಕಿತ್ಸೆ ಕೊಡುತ್ತಿರುವ ಆಂಕಾಲಜಿಸ್ಟ್‌ರನ್ನೇ ‘ಲೈಪೊಸೋಮ್ ರೂಪ ಇವರಿಗೆ ಆಗುತ್ತದೆಯೇ’ ಎಂದು ಕೇಳಿ. ನಡೆಯುತ್ತಿರುವ ಸೈಕಲ್ ತಪ್ಪಿಸಬೇಡಿ.

ಕೊನೆಯದಾಗಿ, ಲ್ಯಾಬಿನಲ್ಲಿ ಡಾಕ್ಸೊರುಬಿಸಿನ್ ತೂಗುವಾಗ ಎರಡು ಜೊತೆ ನೈಟ್ರೈಲ್ ಗ್ಲೌಸ್ ಇರಲಿ, ಪುಡಿ ಹಾರುವಂತೆ ಫ್ಯಾನ್ ಕೆಳಗೆ ತೂಗಬೇಡಿ. ಅದು ತಾಗಿದ ಟಿಪ್, ಟ್ಯೂಬ್, ಮಾಧ್ಯಮ ಯಾವುದೂ ಸಿಂಕಿಗೆ ಹೋಗಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೈಟೊಟಾಕ್ಸಿಕ್ ಗುರುತಿರುವ ಹಳದಿ ಚೀಲ ಬೇಕು; ಆಟೊಕ್ಲೇವ್ ಮಾಡಿದರೆ ಸಾಲದು, 1,200 ಡಿಗ್ರಿಗಿಂತ ಮೇಲೆ ಸುಡಬೇಕು. ನಿಮ್ಮ ಕಾಲೇಜಿಗೆ ಅಂಥ ತ್ಯಾಜ್ಯ ಒಯ್ಯುವವರ ಜೊತೆ ಒಪ್ಪಂದವಿದೆಯೇ ಎಂದು ಔಷಧ ಆರ್ಡರ್ ಮಾಡುವ ಮೊದಲೇ ವಿಚಾರಿಸಿ.